ಒಂಟಿಯಾಗಿ ಓದಿದ ಮಕ್ಕಳು

ಹುಡುಗನೊಬ್ಬನು ಪರೀಕ್ಷೆಯಲ್ಲಿ ತಪ್ಪಿದನೆಂದರೆ ಅದಕ್ಕೆ ಕಾರಣ ಹೇಳುವುದು ಉಪಾಧ್ಯಾಯರಿಗೆ ಬಹು ಸುಲಭವಾದ ಕೆಲಸ. ಹುಡುಗನಿಗೆ ಶ್ರದ್ಧೆಯಿಲ್ಲ, ಹಿಂದಿನ ತರಗತಿಯ ತಳಹದಿ ಸರಿಯಿಲ್ಲ, ಮನೆಯಲ್ಲಿ ವಿದ್ಯಾಸಂಸ್ಕಾರವಿಲ್ಲ, ಇಲ್ಲವೆ ಬಡತನ. ಈ ನಾಲ್ಕರಲ್ಲಿ ಒಂದನ್ನು ಹೇಳಿದರೆ ಸಾಕು, ಕೇಳಿದವರು ತಲೆದೂಗುವರು, ಹೇಳಿದವರ ಹೊಣೆ ತೀರುವುದು. ನಾವೂ ಬಹುಕಾಲ ಪಾಠಶಾಲೆಗಳಲ್ಲಿ ದುಡಿದವರಾದುದರಿಂದ ಈ ಮಾತನ್ನು ಪರದೂಷಣೆಯಾಗಿ ಬರೆಯುತ್ತಿಲ್ಲ. ಎಷ್ಟೋ ಮಕ್ಕಳ ವಿಷಯದಲ್ಲಿ ನಾವೇ ಈ ನಾಲ್ಕು ಕಾರಣಗಳನ್ನು ಸರದಿಯಂತೆ ಹೇಳಿದ್ದೇವೆ. ಆ ಮಕ್ಕಳು ಸಂಜೆಯ ಹೊತ್ತು ಎಲ್ಲಿ ಕುಳಿತು ಓದುತ್ತಿದ್ದರು, ಯಾರೊಡನೆ ಓದುತ್ತಿದ್ದರು ಎಂಬುದನ್ನು ಮಾತ್ರ ಒಮ್ಮೆಯಾದರೂ ಹೋಗಿ ನೋಡಿದುದಿಲ್ಲ.

ಹಾಗೆ ಹೋಗಿ ನೋಡಿದ ಒಬ್ಬ ವಿದ್ವಾಂಸರ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡಬೇಕೆಂದಿದ್ದೇವೆ. ಇವರು ಅಮೆರಿಕಾ ದೇಶದವರು. ಹೆಸರು ಯೂರಿ ಟ್ರೈಸ್ಮನ್. ಆ ದೇಶದ ಕೃಷ್ಣವರ್ಣೀಯ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಗಣಿತದಲ್ಲಿ ಏಕೆ ಸೋಲುತ್ತಾರೆಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟವರು, ಅದರ ಬೆನ್ನು ಹತ್ತಿಯೇ ತಮ್ಮ ಜೀವಮಾನದ ಬಹುಭಾಗವನ್ನು ಸವೆಸಿದರು.

೧೯೭೦ರ ದಶಕದ ನಡುವಣ ವರ್ಷಗಳಲ್ಲಿ ಟ್ರೈಸ್ಮನ್ನರು ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕ್ಲಿ ನಗರದ ವಿಶ್ವವಿದ್ಯಾನಿಲಯದಲ್ಲಿ ಗಣಿತಶಾಸ್ತ್ರದ ಸಂಶೋಧನವಿದ್ಯಾರ್ಥಿಯಾಗಿದ್ದರು. ಅಲ್ಲಿ ಮೊದಲ ವರ್ಷದ ಮಕ್ಕಳಿಗೆ ಕ್ಯಾಲ್ಕ್ಯುಲಸ್ ಎಂಬ ಕಲನಗಣಿತವನ್ನು ದೊಡ್ಡ ಸಭಾಂಗಣದಲ್ಲಿ ಪ್ರಾಧ್ಯಾಪಕರು ಬೋಧಿಸುವರು. ಬಳಿಕ ಸಣ್ಣ ತಂಡಗಳಲ್ಲಿ ಲೆಕ್ಕ ಮಾಡಿಸುವ ಕೆಲಸ ತರುಣ ಸಹಾಯಕರದು. ಈ ಸಹಾಯಕರನ್ನು ತರಬೇತು ಮಾಡುವ ಹೊಣೆ ಟ್ರೈಸ್ಮನ್ನರ ಪಾಲಿಗೆ ಬಂದಿತು. ನಿಮ್ಮ ತಂಡದಲ್ಲಿ ಮುಂದಿರುವವರಾರು, ಹಿಂದುಳಿದವರಾರು ಎಂದು ಅವರನ್ನು ವಿಚಾರಿಸಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುವಂತೆ ಎದ್ದು ಬಂದಿತು. ಮುಂದಿದ್ದವರಲ್ಲಿ ಚೀನೀ ಮೂಲದ ಮಕ್ಕಳೇ ಹೆಚ್ಚು. ಹಿಂದಿದ್ದವರಲ್ಲಿ ಕೃಷ್ಣವರ್ಣೀಯರೂ, ಮೆಕ್ಸಿಕೋ ಮೊದಲಾದ ಸೀಮೆಗಳಿಂದ ಬಂದ ಕುಟುಂಬದವರೂ ಹೆಚ್ಚು. ಹಳೆಯ ದಾಖಲೆಗಳನ್ನು ತೆರೆದು ನೋಡಿದರೆ ಸ್ಥಿತಿ ಇನ್ನೂ ದಾರುಣವಾಗಿತ್ತು. ಹಿಂದಿನ ಹತ್ತು ವರ್ಷಗಳಲ್ಲಿ ಮೊದಲ ಅವಧಿಯ ಕಲನಗಣಿತವನ್ನು ಕೊನೆಯವರೆಗೂ ಓದಿದ ಕೃಷ್ಣವರ್ಣೀಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೬೦ ಮಂದಿ ಡಿ ಅಥವಾ ಎಫ್ ಶ್ರೇಣಿಯನ್ನು ಪಡೆದಿದ್ದರು. ಎಫ್ ಎಂದರೆ ಅನುತ್ತೀರ್ಣತೆ. ಡಿ ಎಂದರೆ ಅದರ ಹೊಸ್ತಿಲಿನಲ್ಲಿ ನಿಂತದ್ದು.

ಒಂದು ವಿಷಯದಲ್ಲಿ ಸೋತರೇನಾಯಿತು ಎಂದು ಕೆಲವರಿಗೆ ತೋರಬಹುದು. ಆದರೆ ಆ ವಿಶ್ವವಿದ್ಯಾನಿಲಯದಲ್ಲಿ ಕಲನಗಣಿತವೆಂಬುದು ದಿಡ್ಡಿಬಾಗಿಲಿನಂತೆ. ಎಂಜಿನಿಯರಾಗಬೇಕೆನ್ನುವವರು, ಭೌತಶಾಸ್ತ್ರ ರಸಾಯನಶಾಸ್ತ್ರಗಳನ್ನು ಓದಬೇಕೆನ್ನುವವರು, ವೈದ್ಯರಾಗುವ ಆಸೆಯಿಂದ ಬಂದವರಲ್ಲಿಯೂ ಅನೇಕರು, ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಅಲ್ಲಿ ತಲೆ ತಗುಲಿದವರ ಮನೋರಥ ಮೊದಲ ವರ್ಷದಲ್ಲಿಯೇ ಮುಗಿಯಿತು.

ಟ್ರೈಸ್ಮನ್ನರು ಅಧ್ಯಾಪಕರನ್ನೂ ಇತರರನ್ನೂ ಕಾರಣವೇನೆಂದು ಕೇಳುತ್ತ ಹೋದರು. ಬಂದ ಉತ್ತರಗಳು ನಾಲ್ಕು. ಈ ಮಕ್ಕಳಿಗೆ ಇತರರಷ್ಟು ಉತ್ಸಾಹವಿಲ್ಲ, ಪ್ರೌಢಶಾಲೆಯ ಶಿಕ್ಷಣ ಸಾಲದು, ತಂದೆತಾಯಿಗಳ ಒತ್ತಾಸೆಯಿಲ್ಲ, ಮತ್ತು ಬಡತನ. ನಮ್ಮ ಲೇಖನದ ಮೊದಲಲ್ಲಿ ಹೇಳಿದ ನಾಲ್ಕೇ ಇವು! ಸಾಗರದಾಚೆಯ ಉಪಾಧ್ಯಾಯರಿಗೂ ನಮಗೂ ಇಷ್ಟು ಸಾಮ್ಯವಿರಬಹುದೆಂದು ನಾವೆಣಿಸಿರಲಿಲ್ಲ. ಹೇಳಿದವರು ದುಷ್ಟರಲ್ಲ, ವರ್ಣದ್ವೇಷಿಗಳೂ ಅಲ್ಲ, ಬಹುಮಂದಿ ಮರುಕವುಳ್ಳವರು. ಆದರೆ ಮರುಕವು ಸಾಕ್ಷ್ಯವಾಗಲಾರದಷ್ಟೆ.

ಆದುದರಿಂದ ಅವರು ಇಪ್ಪತ್ತು ಮಂದಿ ಕೃಷ್ಣವರ್ಣೀಯರನ್ನೂ ಇಪ್ಪತ್ತು ಮಂದಿ ಚೀನೀ ಮೂಲದವರನ್ನೂ ಆರಿಸಿಕೊಂಡು, ಸುಮಾರು ಒಂದೂವರೆ ವರ್ಷಕಾಲ ಅವರ ಬೆನ್ನಿಗೇ ಇದ್ದರು. ತರಗತಿಯಲ್ಲಿ ಮಾತ್ರವಲ್ಲ, ಅವರು ವಾಸಿಸುವ ಕೊಠಡಿಗಳಿಗೆ ಹೋಗಿ, ಓದುವಾಗ ಪಕ್ಕದಲ್ಲಿ ಕುಳಿತು, ಚಲಚ್ಚಿತ್ರಯಂತ್ರದಿಂದ ಚಿತ್ರ ತೆಗೆದು, ಅವರ ಮನೆಯವರನ್ನು ಕಂಡು ಮಾತನಾಡಿಸಿದರು. ನಾಲ್ಕು ಕಾರಣಗಳೂ ಒಂದೊಂದಾಗಿ ಉರುಳಿಬಿದ್ದುವು. ಉತ್ಸಾಹವಿಲ್ಲವೆಂಬುದು ಶುದ್ಧ ತಪ್ಪು. ತಮ್ಮ ಊರಿನ ಶಾಲೆಯಲ್ಲಿ ಅಗ್ರಸ್ಥಾನ ಪಡೆದು, ಗೆಲ್ಲಲೇಬೇಕೆಂದು ಹಟ ತೊಟ್ಟು ಬಂದವರು ಅವರಲ್ಲಿದ್ದರು. ಮನೆಯವರ ಬೆಂಬಲವಿಲ್ಲವೆಂಬುದೂ ಹಾಗೆಯೇ. ತಮಗೆ ಹುಟ್ಟುವ ಮಗು ಕಾಲೇಜು ಸೇರಬೇಕೆಂದು ಅದು ಹುಟ್ಟುವ ಮೊದಲೇ ನಿಶ್ಚಯಿಸಿಕೊಂಡಿದ್ದ ತಂದೆತಾಯಿಗಳಿದ್ದರು. ಹಿಂದಿನ ಶಿಕ್ಷಣವೇ ಕಾರಣವಾಗಿದ್ದರೆ ಒಳ್ಳೆಯ ಅಂಕಗಳೊಡನೆ ಬಂದವರಾದರೂ ಗೆಲ್ಲಬೇಕಿತ್ತು. ಅಂಥವರೇ ಅನೇಕರು ಎಲ್ಲರಿಗಿಂತ ಮೊದಲು ಎಡವಿದರು.

ಹಾಗಾದರೆ ಭೇದವೆಲ್ಲಿ? ವಾಚಕರು ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಕೃಷ್ಣವರ್ಣೀಯ ಹುಡುಗನು ತರಗತಿಗೆ ತಪ್ಪದೆ ಹೋಗುವನು, ಹೇಳಿದುದನ್ನು ಬರೆದುಕೊಳ್ಳುವನು, ಕೊಠಡಿಗೆ ಬಂದು ಬಾಗಿಲು ಮುಚ್ಚಿಕೊಂಡು ಕೊಟ್ಟ ಲೆಕ್ಕಗಳನ್ನು ಗಡುವಿನೊಳಗೆ ಮಾಡಿ ಒಪ್ಪಿಸುವನು. ಪ್ರಾಧ್ಯಾಪಕರು ವಾರಕ್ಕೆ ಎಂಟು ಗಂಟೆ ಓದೆಂದರೆ ಎಂಟು ಗಂಟೆ ಓದುವನು. ಅವನಿಗೆ ಗೆಳೆಯರಿದ್ದರು, ಆದರೆ ಗೆಳೆತನ ಬೇರೆ, ಓದು ಬೇರೆ. ಒಂದು ಮತ್ತೊಂದನ್ನು ಸೋಕುತ್ತಿರಲಿಲ್ಲ. ಇಪ್ಪತ್ತರಲ್ಲಿ ಹದಿನೆಂಟು ಮಂದಿ ಹೀಗೆ ಒಂಟಿಯಾಗಿಯೇ ಓದಿದರು. ಉತ್ತರ ತಪ್ಪಾದರೆ, ತಪ್ಪಿದುದು ತಾನೋ, ಲೆಕ್ಕವೇ ಕಠಿಣವೋ, ಎಲ್ಲರಿಗೂ ಹೀಗೆಯೇ ಆಯಿತೋ ಎಂಬುದನ್ನು ತಿಳಿಯುವ ದಾರಿ ಅವನಿಗಿರಲಿಲ್ಲ. ಪರೀಕ್ಷೆ ಚೆನ್ನಾಗಿ ಬರೆದೆನೆಂದು ನಂಬಿಕೊಂಡು ಬಂದವನ ಕೈಗೆ ಕೆಳಗಿನ ಶ್ರೇಣಿಯ ಕಾಗದ ಬಂದಾಗ ಏನಾಯಿತೆಂಬುದೇ ಅವನಿಗೆ ತಿಳಿಯದು.

ಚೀನೀ ಮೂಲದ ಹುಡುಗನು ವಾರಕ್ಕೆ ಸುಮಾರು ಹದಿನಾಲ್ಕು ಗಂಟೆ ಗಣಿತಕ್ಕೆ ಕೊಡುತ್ತಿದ್ದನು. ಅದರಲ್ಲಿ ಎಂಟು ಹತ್ತು ಗಂಟೆ ಒಬ್ಬನೇ ಕುಳಿತು ಮಾಡಿದುದು. ಉಳಿದುದು ಸಂಜೆಯ ಹೊತ್ತು ಗೆಳೆಯರೊಡನೆ. ಒಟ್ಟಿಗೆ ಅಡಿಗೆ ಮಾಡಿ ಉಂಡು, ಬಳಿಕ ಲೆಕ್ಕದ ಕಾಗದಗಳನ್ನು ಹರಡಿ ಕುಳಿತು, ನಿನ್ನ ಉತ್ತರವೇನು ನಿನ್ನ ಉತ್ತರವೇನು ಎಂದು ತಾಳೆ ನೋಡುವರು. ಒಬ್ಬನದು ಮಾತ್ರ ಬೇರೆಯಾಗಿದ್ದರೆ ಅವನು ಎಲ್ಲಿ ತಪ್ಪಿದನೆಂದು ಅಲ್ಲಿಯೇ ತಿಳಿಯುವುದು. ಎಲ್ಲರದೂ ಬೇರೆ ಬೇರೆಯಾದರೆ ಲೆಕ್ಕವೇ ತೊಡಕಿನದು, ನಾಚಬೇಕಾದುದೇನೂ ಇಲ್ಲ. ಹಿಂದಿನ ವರ್ಷ ಅದೇ ಪಾಠ ಓದಿದ್ದ ಅಣ್ಣನೋ ದೊಡ್ಡಪ್ಪನ ಮಗನೋ ಬಂದು ಪ್ರಶ್ನೆ ಕೇಳಿ ಪರೀಕ್ಷಿಸುವನು. ಹಳೆಯ ಪ್ರಶ್ನಪತ್ರಿಕೆಗಳು ಪುಸ್ತಕಭಂಡಾರದಲ್ಲಿ ಎಲ್ಲರಿಗೂ ದೊರೆಯುವಂತಿದ್ದುವು. ಇವರು ಅವನ್ನು ತಂದು ಬಿಡಿಸುವರು. ತರಗತಿಯಲ್ಲಿ ತನ್ನ ಸ್ಥಾನವೆಲ್ಲಿ ಎಂಬುದು ಪ್ರತಿಯೊಬ್ಬನಿಗೂ ತಿಳಿದಿತ್ತು.

ವಿದ್ಯೆಯಲ್ಲಿ ಸಹಪಾಠಿಗಳದೂ ಒಂದು ಪಾಲುಂಟೆಂದು ನಮ್ಮ ಹಿರಿಯರು ಬಹು ಹಿಂದೆಯೇ ಲೆಕ್ಕ ಹಾಕಿದ್ದರು. ಸಂಸ್ಕೃತ ಪಾಠಶಾಲೆಯಲ್ಲಿ ಗುರುಗಳು ಎದ್ದು ಹೋದ ಮೇಲೆ ಹುಡುಗರು ಸೇರಿ ಚಿಂತನೆ ಮಾಡುತ್ತಿದ್ದುದೂ ಇದಕ್ಕೆಯೇ. ಆದರೆ ಇದು ಚೀನೀಯರ ಕುಲಗುಣ, ಅದು ಕೃಷ್ಣವರ್ಣೀಯರ ಕುಲದೋಷ ಎಂದು ಯಾರೂ ತಿಳಿಯಬಾರದು. ಒಂಟಿಯಾಗಿ ಓದುವ ಅಭ್ಯಾಸಕ್ಕೆ ಕಾರಣಗಳಿದ್ದುವು. ಸುತ್ತಲೂ ಹೆಚ್ಚು ಮಂದಿ ಓದದೆ ಇದ್ದ ಶಾಲೆಗಳಲ್ಲಿ ಯಾರನ್ನೂ ನೆಚ್ಚದೆ ತನ್ನ ಪಾಡಿಗೆ ತಾನು ಓದಿದುದರಿಂದಲೇ ಈ ಹುಡುಗನು ಬರ್ಕ್ಲಿಯವರೆಗೆ ಬಂದದ್ದು. ಅಲ್ಲಿಯವರೆಗೆ ಕಾಪಾಡಿದ ಗುಣವೇ ಅಲ್ಲಿಂದ ಮುಂದೆ ಕೈಕೊಟ್ಟಿತು. ಇನ್ನು ಹಿಂದುಳಿದವರಿಗೆಂದು ವಿಶ್ವವಿದ್ಯಾನಿಲಯವು ಏರ್ಪಡಿಸಿದ್ದ ಉಪಪಾಠಗಳಿಗೆ ಏಕೆ ಹೋಗಲಿಲ್ಲವೆಂದರೆ, ಅವರು ತಮ್ಮ ಶಾಲೆಯಲ್ಲಿ ಇತರರಿಗೆ ಪಾಠ ಹೇಳಿಕೊಟ್ಟವರು; ತಾವೇ ಹೇಳಿಸಿಕೊಳ್ಳುವ ಸಾಲಿನಲ್ಲಿ ಹೋಗಿ ನಿಲ್ಲುವುದೆಂತು?

ಅದಲ್ಲದೆ ಈ ಒಂಟಿತನಕ್ಕೆ ಒಂದು ಪೂರ್ವಕಥೆಯುಂಟು. ಅದನ್ನು ಹೇಳದಿದ್ದರೆ ವಿಷಯವು ಅರ್ಧವಾದೀತು.

ಅಮೆರಿಕಾದ ದಕ್ಷಿಣ ಪ್ರಾಂತಗಳಲ್ಲಿ ಬಿಳಿಯರ ವಿಶ್ವವಿದ್ಯಾನಿಲಯಗಳಿಗೆ ಕೃಷ್ಣವರ್ಣೀಯರನ್ನು ಸೇರಿಸಕೂಡದೆಂದು ಬಹುಕಾಲ ಕಾನೂನೇ ಇತ್ತು. ೧೯೪೬ರಲ್ಲಿ ಹೀಮನ್ ಸ್ವೆಟ್ ಎಂಬ ಅಂಚೆಪೇದೆಯು ಟೆಕ್ಸಾಸ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ಕಾಲೇಜಿಗೆ ಅರ್ಜಿ ಹಾಕಿದರು. ಬಣ್ಣದ ಕಾರಣದಿಂದ ನಿರಾಕರಿಸಿದರು. ವ್ಯಾಜ್ಯ ನಡೆಯುತ್ತಿರುವಾಗಲೇ ಆ ಪ್ರಾಂತದ ಸರ್ಕಾರವು ಕೃಷ್ಣವರ್ಣೀಯರಿಗೆಂದು ಪ್ರತ್ಯೇಕವಾದ ಒಂದು ನ್ಯಾಯಶಾಲೆಯನ್ನು ತರಾತುರಿಯಿಂದ ಕಟ್ಟಿತು. ಒಂದು ಕಡೆ ೮೫೦ ವಿದ್ಯಾರ್ಥಿಗಳು, ೬೫,೦೦೦ ಪುಸ್ತಕಗಳು. ಇನ್ನೊಂದು ಕಡೆ ೨೩ ವಿದ್ಯಾರ್ಥಿಗಳು, ೧೬,೫೦೦ ಪುಸ್ತಕಗಳು. ಎರಡೂ ಸಮಾನವೆಂದು ವಾದ!

ಒಕ್ಲಹೋಮ ಪ್ರಾಂತದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಜಾರ್ಜ್ ಮಕ್ಲಾರಿನ್ ಎಂಬವರು ಆಗಲೇ ಸ್ನಾತಕೋತ್ತರ ಪದವಿಯಿದ್ದ ಅಧ್ಯಾಪಕರು. ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟಿಗಾಗಿ ವಿಶ್ವವಿದ್ಯಾನಿಲಯವು ಅವರನ್ನು ಸೇರಿಸಿಕೊಳ್ಳಬೇಕಾಯಿತು; ಸೇರಿಸಿಕೊಂಡಿತು. ಆದರೆ ತರಗತಿಯ ಪಕ್ಕದ ಕಿರುಕೋಣೆಯಲ್ಲಿ ಅವರಿಗೆ ಬೇರೆ ಪೀಠ. ಪುಸ್ತಕಭಂಡಾರದ ಮೇಲಂತಸ್ತಿನಲ್ಲಿ ಬೇರೆ ಮೇಜು. ಕೆಳಗಿನ ವಾಚನಾಲಯದಲ್ಲಿ ಕೂರುವಂತಿಲ್ಲ. ಭೋಜನಶಾಲೆಯಲ್ಲಿ ಬೇರೆ ಮೇಜು, ಬೇರೆ ವೇಳೆ. ಪಾಠ ಕಿವಿಗೆ ಬೀಳುವುದು. ಪುಸ್ತಕ ಕೈಗೆ ಸಿಕ್ಕುವುದು. ಹಾಗಿರಲು ಕೊರತೆಯೇನು ಎಂದು ಕೇಳಿದರು. ಮೇಲುಪಂಕ್ತಿ ಬೇರೆ, ಜಗುಲಿಯ ಮೇಲಣ ಎಲೆ ಬೇರೆ ಎಂಬುದನ್ನು ಕಂಡು ಬೆಳೆದ ನಮ್ಮ ದೇಶದವರಿಗೆ ಆ ಕೊರತೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

೧೯೫೦ನೆಯ ಇಸವಿ ಜೂನ್ ೫ರಂದು ಸರ್ವೋಚ್ಚ ನ್ಯಾಯಾಲಯವು ಎರಡು ವ್ಯಾಜ್ಯಗಳಲ್ಲಿಯೂ ಕೃಷ್ಣವರ್ಣೀಯರ ಪರವಾಗಿ ತೀರ್ಪಿತ್ತಿತು. ನ್ಯಾಯಾಧೀಶರು ಕೊಟ್ಟ ಕಾರಣವು ನಮ್ಮ ಕಥೆಗೆ ಬಹಳ ಮುಖ್ಯವಾದುದು. ಪುಸ್ತಕಗಳ ಎಣಿಕೆಯಷ್ಟರಿಂದ ವಿದ್ಯೆಯನ್ನು ಅಳೆಯಲಾಗದು. ಇತರ ವಿದ್ಯಾರ್ಥಿಗಳೊಡನೆ ಚರ್ಚಿಸುವುದು, ಅಭಿಪ್ರಾಯಗಳನ್ನು ಕೊಟ್ಟು ಕೊಳ್ಳುವುದು, ಇವೂ ವಿದ್ಯಾಭ್ಯಾಸದ ಅಂಗಗಳೇ. ಅದನ್ನು ತಪ್ಪಿಸಿದರೆ ಸಮಾನತೆಯನ್ನೇ ತಪ್ಪಿಸಿದಂತೆ ಎಂಬುದು ಆ ತೀರ್ಪುಗಳ ತಾತ್ಪರ್ಯ. ಮಕ್ಲಾರಿನ್ನರ ಬೇರೆ ಮೇಜು ಹೋಯಿತು. ೧೯೬೪ರ ಪೌರಹಕ್ಕುಗಳ ಶಾಸನದ ಬಳಿಕ ಉಳಿದ ಬಾಗಿಲುಗಳೂ ತೆರೆದುವು. ಹೀಗೆ ಕಾನೂನಿನ ತಡೆಯೆಲ್ಲ ಹೋದ ಮೇಲೆ, ೧೯೭೫ರ ಸುಮಾರಿನಲ್ಲಿ, ದಕ್ಷಿಣ ಪ್ರಾಂತವೂ ಅಲ್ಲದ ಬರ್ಕ್ಲಿಯಲ್ಲಿ ಇಪ್ಪತ್ತರಲ್ಲಿ ಹದಿನೆಂಟು ಮಂದಿ ತಾವಾಗಿಯೇ ಬೇರೆ ಮೇಜಿನಲ್ಲಿ ಕುಳಿತಿದ್ದರು. ಟ್ರೈಸ್ಮನ್ನರಿಗೆ ಕಂಡದ್ದು ಇದು.

ರೋಗ ತಿಳಿದ ಮೇಲೆ ಚಿಕಿತ್ಸೆ. ೧೯೭೮ರಲ್ಲಿ ಅವರು ಆರಂಭಿಸಿದ ಕಾರ್ಯಶಾಲೆಯ ವಿಶೇಷವೆಂದರೆ ಅದು ಹಿಂದುಳಿದವರ ಶಾಲೆಯೆಂದು ಹೇಳಿಕೊಳ್ಳಲಿಲ್ಲ. ಇದು ಸಮರ್ಥರಿಗಾಗಿ, ಇತರರಿಗಿಂತ ಕಠಿಣವಾದ ಲೆಕ್ಕಗಳನ್ನು ಬಿಡಿಸಬಲ್ಲವರಿಗಾಗಿ ಎಂದೇ ಕರೆದರು. ಆ ಮಕ್ಕಳ ಅಭಿಮಾನಕ್ಕೆ ಇದು ಒಪ್ಪಿತು. ಮಾಮೂಲು ಪಾಠದ ಜತೆಗೆ ವಾರಕ್ಕೆ ಎರಡು ದಿನ, ದಿನಕ್ಕೆರಡು ಗಂಟೆ, ಚಿಕ್ಕ ಗುಂಪುಗಳಾಗಿ ಮೇಜಿನ ಸುತ್ತ ಕುಳಿತು ಕೆಲಸ. ಲೆಕ್ಕಗಳನ್ನು ಬಹು ಎಚ್ಚರದಿಂದ ಆರಿಸುತ್ತಿದ್ದರು. ಕೆಲವು ಹಳೆಯ ಪರೀಕ್ಷೆಗಳವು. ಕೆಲವು ತತ್ತ್ವವನ್ನು ಬೆಳಗುವಂಥವು. ಇನ್ನು ಕೆಲವು ತಿಳಿಯಿತೆಂದುಕೊಂಡವನಿಗೆ ತಿಳಿದಿಲ್ಲವೆಂಬುದನ್ನು ತೋರಿಸಿಕೊಡುವಂಥವು. ಈ ಮೂರನೆಯ ಬಗೆಯ ಪ್ರಶ್ನೆಯನ್ನು ರಚಿಸುವುದು ಎಷ್ಟು ಕಷ್ಟವೆಂದು ಉಪಾಧ್ಯಾಯರೇ ಬಲ್ಲರು. ಮೇಲ್ವಿಚಾರಕನು ಮೇಜಿನಿಂದ ಮೇಜಿಗೆ ನಡೆದಾಡುವನು, ಉತ್ತರ ಹೇಳಿಕೊಡುವುದಿಲ್ಲ. ಒಬ್ಬನು ತಾನು ಮಾಡಿದುದನ್ನು ಮತ್ತೊಬ್ಬನಿಗೆ ಬಾಯಿಬಿಟ್ಟು ವಿವರಿಸಬೇಕು, ಅವನು ಆಕ್ಷೇಪಿಸಬೇಕು. ಬಾಯಿಬಿಟ್ಟು ಹೇಳಹೊರಟಾಗಲೇ ತನ್ನ ಗೊಂದಲವು ತನಗೆ ಕಾಣುವುದಲ್ಲವೆ?

ಫಲವು ಬೇಗನೆ ಕಂಡಿತು. ಕಾರ್ಯಶಾಲೆಗೆ ಸೇರಿದ ಕೃಷ್ಣವರ್ಣೀಯರು ಸೇರದ ತಮ್ಮವರನ್ನು ಮಾತ್ರವಲ್ಲದೆ ತರಗತಿಯ ಬಿಳಿಯ ಮತ್ತು ಏಷ್ಯಾ ಮೂಲದ ಸಹಪಾಠಿಗಳನ್ನೂ ಹಿಂದೆ ಹಾಕಿದರು. ಎಂಟುನೂರು ಅಂಕಗಳ ಪ್ರವೇಶಪರೀಕ್ಷೆಯಲ್ಲಿ ಆರುನೂರಕ್ಕೆ ತುಸು ಮೇಲೆ ಪಡೆದು ಬಂದವರು, ಏಳುನೂರನ್ನು ಮೀರಿ ಪಡೆದಿದ್ದ ಇತರರಿಗೆ ಸರಿಸಮನಾಗಿ ನಿಂತರು. ಮುಂದೆ ಅವರಲ್ಲಿ ಅನೇಕರು ವೈದ್ಯರೂ ಎಂಜಿನಿಯರುಗಳೂ ಆದರು. ಒಬ್ಬ ಹೆಣ್ಣುಮಗಳು ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನವನ್ನು ಗಳಿಸಿದಳು.

ಲಿಯಾನ್ ಹೆಂಕಿನ್ ಎಂಬ ಹೆಸರಾಂತ ತರ್ಕಶಾಸ್ತ್ರಜ್ಞರ ಮಾರ್ಗದರ್ಶನದಲ್ಲಿ ಟ್ರೈಸ್ಮನ್ನರು ಈ ವಿಷಯವನ್ನೇ ಪ್ರಬಂಧವಾಗಿ ಬರೆದು ೧೯೮೫ರಲ್ಲಿ ಡಾಕ್ಟರೇಟ್ ಪಡೆದರು. ನಲವತ್ತು ಮಂದಿಯನ್ನು ನೋಡಿ ಇಷ್ಟು ದೊಡ್ಡ ಮಾತನ್ನಾಡಬಹುದೆ, ಉತ್ಸಾಹಿಗಳು ಮಾತ್ರ ಕಾರ್ಯಶಾಲೆಗೆ ಸೇರಿರಬಾರದೇಕೆ ಎಂಬ ಆಕ್ಷೇಪವು ಸಹಜವಾಗಿ ಬಂದಿತು. ಅದು ನ್ಯಾಯವಾದ ಆಕ್ಷೇಪವೇ. ರಾಬರ್ಟ್ ಫುಲಿಲವ್ ಎಂಬವರೊಡನೆ ಸೇರಿ ಅವರು ಹಲವು ವರ್ಷಗಳ ದಾಖಲೆಗಳನ್ನು ಮತ್ತೆ ತೂಗಿನೋಡಿ ೧೯೯೦ರಲ್ಲಿ ಪ್ರಕಟಿಸಿದರು. ಕಾರ್ಯಶಾಲೆಯವರು ಒಳ್ಳೆಯ ಶ್ರೇಣಿ ಪಡೆಯುವ ಸಂಭವವು ಇತರ ಕೃಷ್ಣವರ್ಣೀಯರದಕ್ಕಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ಪ್ರಕಟವಾದುದು 'ಜರ್ನಲ್ ಆಫ್ ನೀಗ್ರೋ ಎಜುಕೇಷನ್' ಎಂಬ ಪತ್ರಿಕೆಯಲ್ಲಿ. ೧೯೩೨ರಲ್ಲಿ ಹಾವರ್ಡ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಥಾಂಪ್ಸನ್ನರು ಪ್ರತ್ಯೇಕಶಾಲೆಗಳ ಕಾಲದಲ್ಲಿ ಸ್ಥಾಪಿಸಿದ ಪತ್ರಿಕೆಯದು.

ಅಷ್ಟರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ, ಸ್ವೆಟ್ ಅವರನ್ನು ಒಳಗೆ ಬಿಡದ ಅದೇ ವಿಶ್ವವಿದ್ಯಾನಿಲಯದಲ್ಲಿ, ೧೯೮೮ರಲ್ಲಿ ಈ ಮಾದರಿಯ ಕಾರ್ಯಶಾಲೆಯೊಂದು ಆರಂಭವಾಗಿತ್ತು. ಟ್ರೈಸ್ಮನ್ನರೂ ಅಲ್ಲಿಗೇ ಹೋಗಿ ನೆಲೆಸಿ, ೧೯೯೧ರಲ್ಲಿ ಡೇನಾ ಕೇಂದ್ರವೆಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ ಮೆಕಾರ್ಥರ್ ಪುರಸ್ಕಾರ ಬಂದಿತು. ಸ್ವೆಟ್ ಅವರ ಗತಿಯೇನಾಯಿತೆಂದು ವಾಚಕರು ಕೇಳಬಹುದು. ನ್ಯಾಯಾಲಯದಲ್ಲಿ ಗೆದ್ದು ಅವರು ೧೯೫೦ರಲ್ಲಿ ತರಗತಿಗೆ ಹೋದರು. ಆದರೆ ದೇಹಸ್ಥಿತಿ ಕೆಟ್ಟು, ಮನೆಯ ತಾಪತ್ರಯಗಳೂ ಸೇರಿ, ಪದವಿ ಮುಗಿಸದೆಯೇ ಬಿಟ್ಟರು. ಆಮೇಲೆ ಅಟ್ಲಾಂಟಾದಲ್ಲಿ ಸಮಾಜಸೇವೆಯ ವಿಷಯದಲ್ಲಿ ಪದವಿ ಪಡೆದು ಅದೇ ವೃತ್ತಿಯಲ್ಲಿ ಬಾಳಿದರು.

ಟ್ರೈಸ್ಮನ್ನರಲ್ಲಿ ನಮಗೆ ಮೆಚ್ಚಿಗೆಯಾದ ಇನ್ನೊಂದು ಗುಣವುಂಟು. ತಮ್ಮ ಉಪಾಯವೇ ಎಲ್ಲಕ್ಕೂ ಮದ್ದೆಂದು ಅವರು ಕಟ್ಟಿಕೊಂಡು ಕೂರಲಿಲ್ಲ. ೧೯೯೨ರಲ್ಲಿ ತಾವು ಪ್ರಕಟಿಸಿದ ಲೇಖನದಲ್ಲಿ, ಕೆಟ್ಟ ಪಾಠದ ಪಕ್ಕದಲ್ಲಿ ಒಳ್ಳೆಯ ಕಾರ್ಯಶಾಲೆಯನ್ನು ಸೇರಿಸುತ್ತ ಹೋದರೆ ಸಾಲದು, ಮೂಲಪಾಠವನ್ನೇ ತಿದ್ದಬೇಕೆಂಬ ಅಭಿಪ್ರಾಯಕ್ಕೆ ಬಂದರು. ಆಮೇಲೆ ಅವರ ದೃಷ್ಟಿ ಬಡಮಕ್ಕಳು ಹೆಚ್ಚಾಗಿ ಸೇರುವ ಎರಡು ವರ್ಷದ ಕಾಲೇಜುಗಳ ಕಡೆಗೆ ತಿರುಗಿತು. ಅಲ್ಲಿ ದಾದಿಯಾಗಬೇಕೆನ್ನುವವಳೂ ಲೆಕ್ಕಪತ್ರ ಬರೆಯಬೇಕೆನ್ನುವವನೂ ಶಾಲೆಯ ಬೀಜಗಣಿತವನ್ನೇ ಮತ್ತೆ ಮತ್ತೆ ಓದಿ, ಪದವಿಗೆ ಲೆಕ್ಕವಿಲ್ಲದ ಆ ಪಾಠಗಳ ಕೆಸರಿನಲ್ಲಿ ಸಿಲುಕಿ ಓದು ಬಿಡುವುದು ವಾಡಿಕೆಯಾಗಿತ್ತು. ಅವರವರ ವೃತ್ತಿಗೆ ಬೇಕಾದ ಸಂಖ್ಯಾಶಾಸ್ತ್ರವನ್ನೋ ಇತರ ಗಣಿತವನ್ನೋ ನೇರವಾಗಿ ಕಲಿಸುವ ಯೋಜನೆಯೊಂದನ್ನು ಡೇನಾ ಕೇಂದ್ರವು ೧೯೧೨ರಲ್ಲಲ್ಲ, ನಮ್ಮ ಕಾಲದಲ್ಲೇ, ೨೦೧೨ರಲ್ಲಿ ಟೆಕ್ಸಾಸಿನ ಕಾಲೇಜುಗಳೊಡಗೂಡಿ ತೊಡಗಿತು. ಇಷ್ಟು ಸರಳವಾದ ಸಂಗತಿ ಇಷ್ಟು ತಡವಾಗಿ ಹೊಳೆದುದು ಆಶ್ಚರ್ಯವೆಂದು ಹಾಗೆ ಬರೆದೆವು.

ಕಾನೂನಿನ ಗಾಳಿಯಾದರೋ ಅಷ್ಟರಲ್ಲಿ ಬೇರೆ ದಿಕ್ಕಿನಿಂದ ಬೀಸತೊಡಗಿತ್ತು. ಪ್ರವೇಶದಲ್ಲಿ ವರ್ಣವನ್ನು ಪರಿಗಣಿಸಕೂಡದೆಂದು ಕ್ಯಾಲಿಫೋರ್ನಿಯಾದ ಮತದಾರರು ೧೯೯೬ರಲ್ಲಿ ನಿರ್ಣಯಿಸಿದರು. ಅದೇ ವರ್ಷ ಟೆಕ್ಸಾಸಿನಲ್ಲಿಯೂ ನ್ಯಾಯಾಲಯವೊಂದು ಹಾಗೆಯೇ ತೀರ್ಪಿತ್ತಿತು. ಆಗ ಆ ಪ್ರಾಂತದವರು, ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮೊದಲ ಹತ್ತನೆಯ ಒಂದು ಪಾಲಿನಲ್ಲಿ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಸ್ಥಳ ಕೊಡಬೇಕೆಂದು ೧೯೯೭ರಲ್ಲಿ ಶಾಸನ ಮಾಡಿದರು. ೨೦೨೩ನೆಯ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾರ್ವರ್ಡ್ ಮತ್ತು ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯಗಳ ವ್ಯಾಜ್ಯದಲ್ಲಿ ಪ್ರವೇಶಕ್ಕೆ ವರ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ತಳ್ಳಿಹಾಕಿತು. ಇದು ಸರಿಯೋ ತಪ್ಪೋ ಎಂದು ಆ ದೇಶದ ಪ್ರಾಜ್ಞರು ಕಾದಾಡುತ್ತಿದ್ದಾರೆ. ಮೀಸಲಾತಿಯ ವಾದವನ್ನು ಮನೆಮನೆಯಲ್ಲಿ ಕೇಳುವ ನಮಗೆ ಆ ಕಾದಾಟ ಹೊಸತಲ್ಲ. ಆದರೆ ಒಂದನ್ನು ಗಮನಿಸಿದೆವು. ವಾದವೆಲ್ಲ ಹುಡುಗನು ಬಾಗಿಲು ದಾಟುವವರೆಗೆ. ದಾಟಿದ ಮೇಲೆ ಅವನು ಯಾವ ಮೇಜಿನಲ್ಲಿ, ಯಾರ ಪಕ್ಕದಲ್ಲಿ ಕುಳಿತನೆಂದು ಕೇಳುವವರು ಎರಡು ಪಕ್ಷಗಳಲ್ಲಿಯೂ ವಿರಳ.

ಈ ಲೇಖನಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಬಹು ಹಿಂದಿನ ಒಬ್ಬ ಹುಡುಗನು ನಮ್ಮ ನೆನಪಿಗೆ ಬಂದನು. ಆ ಊರಿನ ಹೊರಗಣ ಕೇರಿಯಿಂದ ಶಾಲೆಗೆ ಬರುತ್ತಿದ್ದವನು ಅವನೊಬ್ಬನೇ. ಲೆಕ್ಕ ಮಾಡುವಾಗ ಎಡಗೈಯನ್ನು ಸ್ಲೇಟಿಗೆ ಅಡ್ಡವಾಗಿಟ್ಟು, ಪಕ್ಕದವರಿಗೆ ಕಾಣದಂತೆ ಬಾಗಿಕೊಂಡು ಬರೆಯುವನು. ನಕಲಿಗೆ ಎಡೆಗೊಡದ ಪ್ರಾಮಾಣಿಕನೆಂದು ನಾವು ಅವನನ್ನು ತರಗತಿಯ ಮುಂದೆ ಹೊಗಳಿದ್ದೆವು. ಅವನು ಆ ವರ್ಷದ ಕೊನೆಗೆ ಶಾಲೆ ಬಿಟ್ಟನು. ಕೈ ಏಕೆ ಅಡ್ಡ ಇಡುತ್ತಿದ್ದೆ ಎಂದು ನಾವು ಕೇಳಿರಲಿಲ್ಲ.